ಒಂಬತ್ತನೆಯ ಮನೆಯ ಒಪ್ಪಿಗೆ

ಹೆಸರುಬೇಳೆಯನ್ನು ಅಳೆಯದೆ ನೆನೆಹಾಕಿ, ಆಮೇಲೆ ಕೋಸಂಬರಿಯ ಪರ್ವತದೆದುರು ಕೈಮುಗಿದು ನಿಲ್ಲುವುದು ನನ್ನ ಹಳೆಯ ದೌರ್ಬಲ್ಯ. ಅದಕ್ಕೆ ತಕ್ಕಂತೆ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಹನ್ನೆರಡು ಮನೆಗಳ ಶನಿವಾರದ ಭಜನೆಗೊಂದು ಸಂವಿಧಾನವೂ ಇತ್ತು: ಸರದಿಯ ಮನೆಯವರು ಒಂಬತ್ತು ಬಗೆಯ ಪ್ರಸಾದ ಮಾಡತಕ್ಕದ್ದು, ತಿದ್ದುಪಡಿ ಸೂಚಿಸುವ ಹಕ್ಕು ಸಮಿತಿಯದು. ಸಮಿತಿಯೆಂದರೆ ನಾಲ್ವರು ಗಂಡಸರು. ನನ್ನ ಯಜಮಾನರೇ ಕಾರ್ಯದರ್ಶಿ. ಒಲೆ ಹಚ್ಚದವರಿಗೆ ಒಂಬತ್ತೂ ಒಂದೇ, ತೊಂಬತ್ತೂ ಒಂದೇ.

ಆ ಶನಿವಾರ ನಮ್ಮ ಸರದಿ, ಅದರ ಮುಂದಿನದು ಸವಿತಳದು. ಮೂರು ತಿಂಗಳ ಕೂಸು, ಜೊತೆಗೆ ರೆಡ್‌ವುಡ್ ಸಿಟಿಯ ಡಾಟ್‌ಕಾಮ್ ಆಫೀಸು. “ಕೈಲಾಗಲ್ಲ ಅಕ್ಕಾ, ಭಜನೆನೇ ಬಿಟ್ಬಿಡ್ತೀನಿ,” ಎಂದಳು. ನಮ್ಮಲ್ಲಿ ಶ್ರುತಿ ಸೇರಿಸಿ ಹಾಡಬಲ್ಲವಳು ಅವಳೊಬ್ಬಳೇ. ಉಳಿದವರ ಹಾಡನ್ನು ಭಗವಂತ ಕರುಣೆಯಿಂದ ಕೇಳಿಸಿಕೊಳ್ಳುತ್ತಿದ್ದ.

ಆಗಲೇ ಎಂಟನೆಯ ತರಗತಿಯ ಮಗಳು ಪಾಠ ಒಪ್ಪಿಸುತ್ತಿದ್ದುದು ಕಿವಿಗೆ ಬಿತ್ತು. ಅಮೆರಿಕದ ಸಂವಿಧಾನಕ್ಕೆ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸು, ತಿದ್ದುಪಡಿ ಸೂಚಿಸದಿದ್ದರೆ, ಮೂರರಲ್ಲಿ ಎರಡು ಪಾಲು ರಾಜ್ಯಗಳು ಕೇಳಿ ಸಮಾವೇಶ ಕರೆಸಬಹುದಂತೆ. ಅಲ್ಲಿ ಸೂಚಿಸಿದ್ದಕ್ಕೆ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕಂತೆ.

“ಬಟ್ ಅಮ್ಮಾ, ನೋಬಡಿ ಹ್ಯಾಸ್ ಎವರ್ ಡನ್ ಇಟ್!”

“ಅವರಿಗೆ ಭಜನೆ ಸರದಿ ಬಂದಿರ್ಲಿಲ್ಲ ಬಿಡು,” ಎಂದೆ.

ದೇವರ ದಯೆ, ಹನ್ನೆರಡು ಮನೆ. ಪಾಲು ಹಾಕಲು ಸುಲಭ. ಸಮಿತಿಯಾಚೆಯ ಎಂಟೂ ಮನೆಗಳ ದಂಪತಿಗಳು ಸಮಾವೇಶ ಬೇಕೆಂದು ಸಹಿ ಹಾಕಿದರು. ಸಮಿತಿಯ ಅಧ್ಯಕ್ಷರು ನಕ್ಕು, “ಒಂಬತ್ತು ಮನೆ ಒಪ್ಸಿ, ನಾವೂ ತಲೆಬಾಗ್ತೀವಿ,” ಎಂದರು. ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಅಡಿಗೆಮನೆಯಲ್ಲೇ ಸಮಾವೇಶ. ಕರಡು ಒಂದೇ ಸಾಲು: ಒಂದು ಕೋಸಂಬರಿ, ಒಂದು ಹಣ್ಣು, ಮಿಕ್ಕಿದ್ದು ಭಕ್ತಿ. ಎಂಟು ಮನೆಗಳು ಒಪ್ಪಿದವು. ಇನ್ನು ಬೇಕಾದದ್ದು ಒಂದೇ ಮನೆಯ ಒಪ್ಪಿಗೆ, ಅದೂ ಗಂಡಹೆಂಡತಿ ಇಬ್ಬರದೂ.

“ಸಂಪ್ರದಾಯ ಕಣೇ, ಮುರೀಬಾರ್ದು,” ಎಂದರು ಯಜಮಾನರು.

“ಆಯ್ತು ರೀ. ಇವತ್ತು ನಮ್ದೇ ಸರದಿ. ಒಂಬತ್ತರಲ್ಲಿ ಅಂಬೊಡೆ ನಿಮ್ದು,” ಎಂದು ಬಾಣಲೆ ಒಪ್ಪಿಸಿದೆ.

ಮೊದಲ ಒಬ್ಬೆ ಎಣ್ಣೆಯಲ್ಲೇ ಪುಡಿಯಾಯಿತು. ಎರಡನೆಯದಕ್ಕೆ ಹೊಗೆಯ ಅಲಾರಂ ಕಿರುಚಿ, ಸವಿತಳ ಕೂಸೂ ದನಿಗೂಡಿಸಿತು. ಬೆವರುತ್ತಿದ್ದ ಕಾರ್ಯದರ್ಶಿಗಳು ಜಾಲರಿ ಸೌಟನ್ನೇ ಎತ್ತಿ, “ನಮ್ಮನೆದೂ ಸೇರಿಸ್ಕೊಳ್ರಮ್ಮಾ!” ಎಂದು ಕೂಗಿದರು. ಅಡಿಗೆಮನೆಯಲ್ಲಿ ಎದ್ದ ಚಪ್ಪಾಳೆಗೆ ಅಲಾರಮ್ಮೇ ಸುಮ್ಮನಾಯಿತು.

ದೇಶವೇ ತುಳಿಯದ ದಾರಿಯನ್ನು ಹನ್ನೆರಡು ಮನೆಗಳು ತುಳಿದವು. ಮುಂದಿನ ಶನಿವಾರ ಸವಿತಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದಳು, ಅಧ್ಯಕ್ಷರೂ ಕಣ್ಣೊರೆಸಿಕೊಂಡರು.

ಈಗಲೂ ಸರದಿ ಬಂದಾಗ ಹೆಸರುಬೇಳೆ ನೆನೆಹಾಕುತ್ತೇನೆ. ಒಂದೇ ಬಟ್ಟಲು, ಅಳೆದು. ಅಳತೆಯಿಲ್ಲದೆ ಸುರಿಯುವ ಕೆಲಸವನ್ನು ಸವಿತಳ ಕಂಠಕ್ಕೆ ಬಿಟ್ಟಿದ್ದೇನೆ.