ಅಂಗಾಲಿನ ಕಣ್ಣು

ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಆ ಹೆಂಗಸಿಗೆ ಕಣ್ಣಿರುವುದೇ ಅಂಗಾಲಿನಲ್ಲಿ ಎಂದು ಮೇಸ್ತ್ರಿ ಹೊಗಳುತ್ತಿದ್ದ. ಹೊಗಳಿಕೆಗೆ ಅವನ ಗಂಟೇನೂ ಹೋಗುತ್ತಿರಲಿಲ್ಲವಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಅವಳು ಬೆರಳಸಂದಿಯಲ್ಲಿ ಹಿಡಿದು ಆಚೆ ಹಾಕುತ್ತಿದ್ದಳು. ಒಂದು ಕಲ್ಲು ಉಳಿದರೂ ಹಂಚು ಸುಡುವ ಗೂಡಿನಲ್ಲಿ ಸೀಳಿಹೋಗುತ್ತದೆ.

ಆರೋಗ್ಯ ಕೇಂದ್ರದ ನರ್ಸಮ್ಮ ಒಮ್ಮೆ ಬಂದು ದೊಡ್ಡವರಿಗೂ ಮಕ್ಕಳಿಗೂ ರಬ್ಬರ್ ಬೂಟು ಹಂಚಿದಳು. ಮಣ್ಣಿನ ಹೊಂಡದ ಹಿಂದಿನ ಬಯಲೇ ಎಲ್ಲರ ಪಾಯಿಖಾನೆ. ಅಲ್ಲಿಂದ ಹೊಂಡದ ಮಣ್ಣಿಗೂ ಸೇರುವ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮ ಕೊರೆದು ಹೊಟ್ಟೆ ಸೇರುತ್ತವೆ ಎಂದು ಬಿಡಿಸಿ ಹೇಳಿದಳು. ಇವಳು ಒಂದು ದಿನ ಬೂಟು ತೊಟ್ಟು ನೋಡಿದಳು. ಕುರುಡಿಯಾದಂತಾಯಿತು. ತನ್ನದನ್ನೂ ಮಗಳದ್ದನ್ನೂ ಮಂಚದಡಿಗೆ ತಳ್ಳಿದಳು.

ಶಾಲೆ ಬಿಟ್ಟೊಡನೆ ಮಗಳು ಹೊಂಡಕ್ಕೇ ಓಡಿಬರುತ್ತಿದ್ದಳು. ಬರಿಗಾಲಲ್ಲಿ ತುಳಿಯುವುದನ್ನು ತಾಯಿಯೇ ಕಲಿಸಿದಳು. ಸಿಕ್ಕ ಕಲ್ಲುಗಳನ್ನು ಹುಡುಗಿ ಅಂಚಿನಲ್ಲಿ ಗುಡ್ಡೆ ಹಾಕಿ, ಅಮ್ಮನಿಗೆ ತೋರಿಸಿ ಬೀಗುತ್ತಿದ್ದಳು. ತಾಯಿಗೂ ಹೆಮ್ಮೆ. ಮಗಳು ಬಿಳಿಚಿಕೊಂಡದ್ದು ಕಂಡರೂ ಬೆಳೆಯುವ ವಯಸ್ಸೆಂದು ಸುಮ್ಮನಾದಳು.

ಊರಲ್ಲಿ ಫ್ಲೂ ಜ್ವರ ಹಬ್ಬುವ ಮೊದಲೇ ಅವಳು ಮಗಳಿಗೆ ಲಸಿಕೆ ಹಾಕಿಸಿದ್ದಳು. ಹಾಗಾಗಿ ಜ್ವರ ಬಂದಾಗಲೂ ಅಷ್ಟಾಗಿ ಹೆದರಲಿಲ್ಲ. ಉಸಿರು ಮೇಲಕ್ಕೆಳೆಯತೊಡಗಿದ ಮೇಲೆ ಆಸ್ಪತ್ರೆಗೆ ಹೊತ್ತು ಓಡಿದಳು. ಮಗು ಉಳಿಯಲಿಲ್ಲ.

ಸೂಜಿ ಹಾಕಿಸಿದ್ದೆನಲ್ಲ ಎಂದು ಅವಳು ಡಾಕ್ಟರನ್ನು ಹಿಡಿದು ಕೇಳಿದಳು. ಅವರು ಬೆಂಚಿನ ಮೇಲೆ ಪಕ್ಕದಲ್ಲೇ ಕೂತರು.

"ಹೊಟ್ಟೇಲಿ ಹುಳ ತುಂಬಿತ್ತಮ್ಮ. ತಾವು ಬದುಕೋಕೆ ಅವು ಮೈಯ ಕಾವಲನ್ನ ಮಂಕು ಮಾಡ್ತವೆ. ಕೆಲವರಿಗೆ ಆಗ ಲಸಿಕೆ ಸರಿಯಾಗಿ ಹತ್ತಲ್ಲ. ವೈರಸ್ ಬಂದ್ರೆ ಎದುರಿಸೋ ಶಕ್ತೀನೂ ಕಮ್ಮಿ. ಆದ್ರೆ ಇವಳಿಗೆ ಹಾಗೇ ಆಯ್ತು ಅಂತ ಖಂಡಿತ ಹೇಳಕ್ಕಾಗಲ್ಲ."

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಅವಳು ಮಗಳ ಪಾದಗಳನ್ನೇ ನೋಡುತ್ತಿದ್ದಳು. ಬೆರಳಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಕೊಂದವಳು ತಾನೇ ಎಂದುಕೊಂಡಳು.

ಮತ್ತೆ ಕೆಲಸಕ್ಕೆ ಹೋಗದೆ ವಿಧಿಯಿರಲಿಲ್ಲ. ಬೂಟು ತೊಟ್ಟೇ ಹೊಂಡಕ್ಕಿಳಿದಳು. ಪಾಪ ಎಂದು ಮೇಸ್ತ್ರಿ ಮೊದಮೊದಲು ಕಂಡೂ ಕಾಣದಂತೆ ಹೋಗುತ್ತಿದ್ದ. ಹಂಚುಗಳು ಸೀಳಿಹೋಗತೊಡಗಿದ ಮೇಲೆ ತಡೆಯಲಾರದೆ ಬಂದ.

"ಬೂಟು ಬಿಚ್ಚಮ್ಮ. ಮಣ್ಣಲ್ಲಿ ಕಲ್ಲು ಉಳೀತಿದೆ."

"ಉಳೀಲಿ ಬಿಡಿ."

ಅಂಚಿನಲ್ಲಿ ಮಗಳು ಹಾಕಿದ್ದ ಗುಡ್ಡೆ ಹಾಗೇ ಇತ್ತು. ಅವಳು ಬೂಟುಗಾಲಿನಿಂದ ಆ ಕಲ್ಲುಗಳನ್ನೆಲ್ಲ ಹೊಂಡಕ್ಕೆ ದೂಡಿ, ಮಣ್ಣಿನ ಜೊತೆ ತುಳಿಯತೊಡಗಿದಳು.