ಒಂಬತ್ತು ಸಲ ಕರೆದ ರಾಣಿ

ನಮ್ಮ ಮನೆಯಲ್ಲಿ ಸಿನಿಮಾ ಹಾಡಿಗೆ ಯಾರ ಅಡ್ಡಿಯೂ ಇಲ್ಲ. ಅವ್ವ ರೊಟ್ಟಿ ಬಡಿಯುವುದೂ ಹಾಡಿನ ತಾಳಕ್ಕೇ. ಆದರೆ ಒಂದು ಹಾಡಿಗೆ ಮಾತ್ರ ತಾಂಬಾ ಊರಿನ ನಮ್ಮ ಹೊಸ್ತಿಲು ದಾಟುವ ಪರವಾನಗಿ ಇರಲಿಲ್ಲ. ಮದುವೆ ಮನೆಯಲ್ಲಿ, ಆಟೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಮೂರು ವರ್ಷದಿಂದ ಅದೇ ಹಾಡು. ನಮ್ಮ ಮನೆಯೊಳಗೆ ಅದನ್ನು ಗುನುಗಿದರೂ ದೊಡ್ಡಪ್ಪ ಊಟ ಬಿಟ್ಟು ಏಳುತ್ತಿದ್ದ. ಕಾರಣ ಇಷ್ಟೆ, ಆ ಹಾಡು ಅವನದು.

ಹಾಡಷ್ಟೇ ಅಲ್ಲ, ಇಡೀ ನಾಟಕವೇ ನಮ್ಮೂರಿನದು. ನಲವತ್ತು ವರ್ಷದ ಹಿಂದೆ ಊರಿನ ಗೆಳೆಯರೆಲ್ಲ ಸೇರಿ ಕಟ್ಟಿದ್ದು. ಮಾತು ಕಡಿಮೆ, ಹಾಡು ಹೆಚ್ಚು. ಯುದ್ಧಕ್ಕೆ ಹೋದ ರಾಜ, ದೀಪ ಹಚ್ಚಿಕೊಂಡು ಕಾಯುವ ರಾಣಿ. ಹಾಡು ಬರೆದವನು, ರಾಗ ಕೂಡಿಸಿದವನು, ಸೀರೆ ಉಟ್ಟು ರಾಣಿಯಾಗಿ ಹಾಡಿದವನು, ಮೂರೂ ದೊಡ್ಡಪ್ಪನೇ. ರಾಜನ ಪಾತ್ರ ಅವನ ತಮ್ಮನದು, ಅಂದರೆ ನಮ್ಮಪ್ಪನದು. ಅಣ್ಣ ರಾಣಿ, ತಮ್ಮ ರಾಜ. "ನನ್ನ ಇಳಕಲ್ ಸೀರಿ ನನಗಿಂತ ಇವರಿಗೇ ಛಲೋ ಒಪ್ಪತಿತ್ರಿ" ಎಂದು ದೊಡ್ಡವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ದೊಡ್ಡಪ್ಪ ಅದಕ್ಕೆ ನಾಚುವುದಿಲ್ಲ, ಹೌದೆಂದು ತಲೆ ಆಡಿಸುತ್ತಾನೆ.

ಬೀಗರಿದ್ದ ಊರಿಗೆಲ್ಲ ಆ ನಾಟಕ ತಿರುಗಾಡಿತು. ನನಗಾಗ ಐದು ವರ್ಷ. ಪರದೆಯ ಹಿಂದೆ ಮಕ್ಕಳನ್ನು ಬಿಡಬಾರದು ಎಂಬುದು ದೊಡ್ಡಪ್ಪನ ಕಾನೂನು. ಅಪ್ಪ ನನ್ನನ್ನು ಕದ್ದು ಕರೆದುಕೊಂಡು ಹೋಗಿ ಬಟ್ಟೆಯ ಗಂಟುಗಳ ನಡುವೆ ಕೂಡಿಸುತ್ತಿದ್ದ. ಮುಖದ ಬಣ್ಣ, ಕೊಬ್ಬರಿ ಎಣ್ಣೆ, ಬೀಡಿ ಹೊಗೆ ಕೂಡಿದ ಆ ವಾಸನೆಯನ್ನು ನಾನು ಸ್ವರ್ಗದ ವಾಸನೆ ಎಂದೇ ನಂಬಿದ್ದೆ. ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ.

ಮೂರು ವರ್ಷದ ಹಿಂದೆ ಆ ನಾಟಕ ಸಿನಿಮಾ ಆಯಿತು. ಯಾರೋ ಊರೂರು ತಿರುಗಿ ಹಳೆಯ ಹಾಡು, ಕಥೆ ಕೂಡಿಸಿಕೊಂಡು ಹೋಗಿ ಮಾಡಿದ್ದಂತೆ. ಸುದ್ದಿ ಕೇಳಿ ದೊಡ್ಡಪ್ಪ ಹೊಸ ರುಮಾಲು ಸುತ್ತಿಕೊಂಡು, ಅಪ್ಪನನ್ನು ಜೊತೆಗೆ ಕರೆದುಕೊಂಡು ಸಿಂದಗಿಗೆ ಹೋಗಿ ಟಾಕೀಸಿನಲ್ಲಿ ಕೂತ. ಪರದೆಯ ಮೇಲೆ ಹೆಸರುಗಳು ಬಂದವು. ಹಾಡುಗಳು: ಜಾನಪದ. ಒಂದು ಹಾಡೂ ಶುರುವಾಗಿರಲಿಲ್ಲ, ದೊಡ್ಡಪ್ಪ ಎದ್ದ. ರಾಣಿ ಎದ್ದಮೇಲೆ ರಾಜ ಕೂಡುವುದುಂಟೆ? ಅಪ್ಪನೂ ಎದ್ದ.

"ನಾ ಏನ ಸತ್ತೇನೇನು, ಜಾನಪದ ಆಗಾಕ?" ಎಂದು ದೊಡ್ಡಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೂಗಿದ್ದನ್ನು ಅಪ್ಪ ಇನ್ನೂ ಅಭಿನಯಿಸಿ ತೋರಿಸುತ್ತಾನೆ. ಅಂದಿನಿಂದ ಆ ಹಾಡು ಕಿವಿಗೆ ಬೀಳಬಾರದೆಂದು ದೊಡ್ಡಪ್ಪನ ಹಟ. ಒಮ್ಮೆ ಇಂಡಿ ಪಟ್ಟಣದಿಂದ ಬರುವಾಗ ಬಸ್ಸಿನಲ್ಲಿ ಅದನ್ನೇ ಹಚ್ಚಿದರು. ಶುರುವಿನ ಡೋಲು ಕೇಳಿದ್ದೇ ನಡುದಾರಿಯಲ್ಲಿ ಇಳಿದು, ಬಿಸಿಲಲ್ಲಿ ಮುಂದಿನ ಬಸ್ಸಿಗೆ ಕಾದ. ಮುಂದಿನ ಬಸ್ಸಿನಲ್ಲೂ ಅದೇ ಡೋಲು. ಆ ದಿನ ಮನೆ ಮುಟ್ಟಿದ್ದು ಯಾರದೋ ಟ್ರ್ಯಾಕ್ಟರಿನಲ್ಲಿ.

ನಾವೆಲ್ಲ ನಕ್ಕೆವು. ಆದರೆ ಹೋದ ವರ್ಷ ಒಂದು ಮಧ್ಯಾಹ್ನ ಅವನು ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದ್ದು ಕೇಳಿ ನಗು ಬರಲಿಲ್ಲ. "ಖರೇನ ಅದು ನಂದ ಐತೇನವಾ? ಸಣ್ಣಾವ ಇದ್ದಾಗ ಯಾವ್ದರ ಬೀಸೋ ಪದದಾಗ ಕೇಳಿ, ಮರತು, ನಂದ ಅಂದಕೊಂಡೀನೇನು?" ಅಷ್ಟು ವರ್ಷ ತನ್ನದೆಂದು ಎದೆ ಉಬ್ಬಿಸಿ ಹಾಡಿದ ಮನುಷ್ಯ, ಪರದೆಯ ಮೇಲಿನ ಒಂದು ಶಬ್ದಕ್ಕೆ ತನ್ನ ಮೇಲೆ ತಾನೇ ಸಂಶಯ ಪಡುತ್ತಿದ್ದ. ನನಗೆ ಸಿಟ್ಟು ಬಂತು, ಆ ಸಿನಿಮಾದವರು ಎದುರಿಗಿದ್ದರೆ ಬೆತ್ತ ತೆಗೆದುಕೊಳ್ಳುತ್ತಿದ್ದೆ.

ಈಗ ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ನನಗೆ ಆ ಸಿನಿಮಾ ಹಾಡು ಇಷ್ಟ. ನಾನು ಮುದ್ದೇಬಿಹಾಳದಲ್ಲಿ ಗಣಿತದ ಟೀಚರು, ಈಗ ಮನೆಯೂ ಅಲ್ಲೇ; ದಿನಾ ಸ್ಕೂಟಿಯ ಮೇಲೆ ಶಾಲೆಗೆ ಹೋಗುವ ಮುಂಚೆ ಅಂಗಳದಲ್ಲಿ ನಿಂತು ಒಮ್ಮೆ ಅದನ್ನು ಕೇಳಿಯೇ ಹೊರಡುತ್ತಿದ್ದೆ. ಶುರುವಿನ ಡೋಲು ನನಗೂ ಸೇರುವುದಿಲ್ಲ. ಕಾಯುವ ಹೆಣ್ಣಿನ ಮನೆಯಲ್ಲಿ ಡೋಲು ಯಾಕೆ? ಮೊದಲೆರಡು ನುಡಿ ಸುಮ್ಮನೆ ಓಡುತ್ತವೆ. ಆದರೆ ಮೂರನೆಯ ನುಡಿಗೆ ಬಂದಾಗ ವಾದ್ಯಗಳೆಲ್ಲ ಹಿಂದೆ ಸರಿಯುತ್ತವೆ. "ದೀಪ ಸಣ್ಣಾತು, ಬಾರೋ ದೊರಿಯೆ" ಎಂಬ ಒಂದೇ ಸಾಲನ್ನು ಆ ಹೆಣ್ಣುಮಗಳು ತಿರುತಿರುಗಿ ಹಾಡುತ್ತಾಳೆ. ಒಮ್ಮೆ ಪ್ರೀತಿಯಿಂದ, ಒಮ್ಮೆ ಮುನಿಸಿನಿಂದ, ಒಮ್ಮೆ ಹೆದರಿ, ಒಮ್ಮೆ ಬೈದು. ನಾನು ಎಣಿಸುವ ಚಟದವಳು, ಹಾಡು ಕೇಳುವಾಗಲೂ ಬೆರಳು ಮಡಚುತ್ತೇನೆ. ಒಂಬತ್ತು ಸಲ. ಐದನೆಯದರ ನಂತರ ಸಣ್ಣದೊಂದು ಬಿಡುವು, ಅಲ್ಲಿ ಕೊಳಲು, ಆಮೇಲೆ ಉಳಿದ ನಾಲ್ಕು. ಪ್ರತಿ ಸಲ ಮೈ ಜುಮ್ ಎನ್ನುತ್ತಿತ್ತು. ದೊಡ್ಡಪ್ಪನ ನಾಟಕದಲ್ಲಿ ಅದು ಇದ್ದದ್ದು ಎರಡೇ ಸಲ. ಎರಡನೆಯದಕ್ಕೆ ರಾಜ ಬರಬೇಕು. ಹಾಗಾಗಿ ಆ ಒಂಬತ್ತು ಸಿನಿಮಾದವರ ಬುದ್ಧಿವಂತಿಕೆ ಎಂದೇ ತಿಳಿದಿದ್ದೆ. ಮನಸ್ಸಿನಲ್ಲಿ ಅವರಿಗೆ ಭೇಷ್ ಎಂದು, ಮತ್ತೆ ಮನಸ್ಸಿನಲ್ಲೇ ದೊಡ್ಡಪ್ಪನ ಕಾಲು ಹಿಡಿಯುತ್ತಿದ್ದೆ.

ದೊಡ್ಡಪ್ಪನ ಬಳಿ ನಾಟಕದ ನಾಲ್ಕು ಕ್ಯಾಸೆಟ್ ಇದ್ದವು, ನಾಲ್ಕು ಊರಿನ ಆಟದವು, ಬಿಸ್ಕತ್ತಿನ ಡಬ್ಬಿಯಲ್ಲಿ. ಹರಿದಾವೆಂದು ಯಾರಿಗೂ ಹಚ್ಚಗೊಡುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಟೇಪ್ ರೆಕಾರ್ಡರ್ ಪೂರ್ತಿ ಕೆಟ್ಟಾಗ ಡಬ್ಬಿಯನ್ನೇ ನನ್ನ ಕೈಗಿಟ್ಟ. "ನಿಮ್ಮೂರಾಗ ಯಾರರ ಇದನ್ನ ಫೋನಿಗೆ ಹಾಕಿ ಕೊಡ್ತಾರೇನು ನೋಡವಾ." ಮುದ್ದೇಬಿಹಾಳದಲ್ಲಿ ಒಬ್ಬ ರೇಡಿಯೊ ರಿಪೇರಿಯವನು ವಾರ ಸತಾಯಿಸಿ ಹಾಕಿಕೊಟ್ಟ. ಒಂದು ರವಿವಾರ ಅಡುಗೆ ಮನೆಯಲ್ಲಿ ರೊಟ್ಟಿ ಬೇಯಿಸುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಆ ಒಂದು ಹಾಡನ್ನು ನಾಲ್ಕರಲ್ಲೂ ಹುಡುಕಿ ಕೇಳಿದೆ.

ಇಂಡಿಯ ಕ್ಯಾಸೆಟ್ಟಿನಲ್ಲಿ ಟೇಪ್ ರೆಕಾರ್ಡರನ್ನು ತಬಲಾದ ಮಗ್ಗುಲಿಗೆ ಇಟ್ಟಿದ್ದರೆಂದು ಕಾಣುತ್ತದೆ. ತಬಲಾ ಎದೆಗೆ ಬಡಿಯುತ್ತದೆ, ದೊಡ್ಡಪ್ಪ ಮಾತ್ರ ಪಕ್ಕದ ಊರಿನಲ್ಲಿ ನಿಂತು ಹಾಡಿದ ಹಾಗೆ. ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಿ ಮೈಕಿನವನಿಗೆ ಎಕೋದ ಹುಚ್ಚು. ಪ್ರತಿ ಶಬ್ದ ಎರಡು ಸಲ ಬರುತ್ತದೆ. ಅದೂ ಸಾಲದು, ರಾಣಿ ಕಣ್ಣೀರು ಹಾಕುವ ಹೊತ್ತಿಗೇ ಹಾಡು ನಿಲ್ಲಿಸಿ, ರಾಣಿಯ ಪಾತ್ರಧಾರಿಗೆ ಊರ ಹಿರಿಯರಿಂದ ಒಂದು ಟವೆಲ್ ಆಯಾರ ಎಂದು ಉಡುಗೊರೆ ಕೂಗುತ್ತಾರೆ. ಟವೆಲ್, ಟವೆಲ್. ಮುದ್ದೇಬಿಹಾಳದ್ದು ಎಲ್ಲಕ್ಕಿಂತ ಸ್ವಚ್ಛ. ದೊಡ್ಡಪ್ಪನ ದನಿ ಎಳೆಯ ಸೌತೆಕಾಯಿ ಮುರಿದಷ್ಟು ಹಸಿ. ಆದರೆ "ದೀಪ ಸಣ್ಣಾ" ಎನ್ನುವಷ್ಟರಲ್ಲಿ ಟಕ್ ಎಂದು ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದುಹೋಗುತ್ತದೆ.

ನಾಲ್ಕನೆಯದು ಬಸವನ ಬಾಗೇವಾಡಿಯದು. ಅದರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ರಾಜ ಹೊತ್ತಿಗೆ ಸರಿಯಾಗಿ ರಂಗಕ್ಕೆ ಬರಲಿಲ್ಲ, ರಾಣಿ ಅದೇ ಸಾಲನ್ನು ಎಳೆದಳು. ದೊಡ್ಡಪ್ಪ ಹೇಳುವಾಗ ಅದು ಇಪ್ಪತ್ತು ಸಲ, ಸಿಟ್ಟಿದ್ದರೆ ಐವತ್ತು. ರಾಜ ಕೊನೆಗೆ ಓಡಿ ಬಂದಾಗ ಜನ ಒನ್ಸ್ ಮೋರ್ ಎಂದು ಎದ್ದು ನಿಂತರಂತೆ. ಮತ್ತೆ ಕರೆಯಬೇಕಾದರೆ ರಾಜ ಅಲ್ಲಿ ಇರಬಾರದಲ್ಲ? "ಹೊಳ್ಳಿ ಒಳಗ ಹೋಗಪಾ" ಎಂದು ಪಾಪ, ಅಪ್ಪನನ್ನು ಕತ್ತಿ ಸಮೇತ ಒಳಗೆ ಅಟ್ಟಿದರು. ಅಪ್ಪ ಪರದೆಯ ಹಿಂದೆ ಮಿರ್ಚಿ ಭಜಿ ತಿನ್ನುತ್ತ ಮೈಮರೆತಿದ್ದ ಎಂಬುದು ದೊಡ್ಡಪ್ಪನ ಆರೋಪ. ನಲವತ್ತು ವರ್ಷದಿಂದ ಮನೆಯಲ್ಲಿ ಭಜಿ ಕರಿದಾಗೆಲ್ಲ ಅಪ್ಪನಿಗೆ ಅದರ ಜೊತೆ ಬೈಗುಳವೂ ಬಿಸಿಬಿಸಿ. ಅಪ್ಪ ನಕ್ಕು ಇನ್ನೊಂದು ಭಜಿ ತೆಗೆದುಕೊಳ್ಳುತ್ತಿದ್ದ.

ಕೇಳುತ್ತ ಬೆರಳು ಮಡಚಿದೆ. ಐದು ಸಲ ಆದ ಮೇಲೆ ಹಾಡು ನಿಂತಿತು. ದೊಡ್ಡಪ್ಪ ಮೆಲ್ಲಗೆ ಹಾರ್ಮೋನಿಯಂ ಪೇಟಿಯ ಮಾಸ್ತರರಿಗೆ ಹೇಳುವುದು ಸ್ಪಷ್ಟ ಕೇಳಿಸಿತು: "ಎಲ್ಲಿ ಹೋಗ್ಯಾನ ಅಂವ?" ಮಾಸ್ತರು ಗಾಬರಿಯಲ್ಲಿ ಪೇಟಿಯ ಮೇಲೆ ಏನೋ ಒಂದು ನುಡಿಸಿ ಹೊತ್ತು ತುಂಬಿದರು. ಆಮೇಲೆ ಮತ್ತೆ ನಾಲ್ಕು. ಒಟ್ಟು ಒಂಬತ್ತು. ಮಾಸ್ತರರ ಆ ಏನೋ ಒಂದು, ಸಿನಿಮಾದಲ್ಲಿ ಕೊಳಲು ನುಡಿಸುವ ಅದೇ ಸ್ವರ. ನನ್ನ ರೊಟ್ಟಿ ಹೊತ್ತಿ ಅಡುಗೆ ಮನೆಯೆಲ್ಲ ಹೊಗೆ ತುಂಬಿದ್ದು ಆಮೇಲೆ ಗೊತ್ತಾಯಿತು. ಬಾಗೇವಾಡಿಯ ಮೈಕಿನವನು ಆ ಕಾಲದಲ್ಲಿ ಈ ಕ್ಯಾಸೆಟ್ಟಿನ ಪ್ರತಿ ಮಾಡಿ ಮಾರಿದ್ದನೆಂದು ಅಪ್ಪ ಹೇಳುತ್ತಿದ್ದ. ಅಂಥದ್ದೊಂದು ಹೇಗೋ ಸಿನಿಮಾದವರ ಕೈಗೆ ಸಿಕ್ಕಿದೆ. ಯಾವ ಜಾನಪದದಲ್ಲೂ ಐದು, ಒಂದು ಗಾಬರಿ, ಮತ್ತೆ ನಾಲ್ಕು ಎಂದು ಇರುವುದಿಲ್ಲ. ಅದು ಬಾಗೇವಾಡಿಯ ಆ ಒಂದು ದಿನ, ದೊಡ್ಡಪ್ಪನ ಆ ಒಂದು ಕಷ್ಟ.

ಮುಂದಿನ ರವಿವಾರ ಸ್ಪೀಕರ್ ಚೀಲದಲ್ಲಿಟ್ಟುಕೊಂಡು, ಬಸ್ಸು ಬದಲಿಸಿ ತಾಂಬಾಕ್ಕೆ ಹೋದೆ. ದಾರಿಯುದ್ದಕ್ಕೂ ಹೆದರಿಕೆ. ದೊಡ್ಡಪ್ಪ ಕೇಳದೆ ಎದ್ದು ಹೋದರೆ ಈ ಮಾತನ್ನು ಬಾಯಲ್ಲಿ ಹೇಳಿ ನಂಬಿಸಲು ನನ್ನಿಂದ ಆಗುವುದಿಲ್ಲ. ಅದನ್ನು ಅವನ ಕಿವಿಯೇ ಅವನಿಗೆ ಹೇಳಬೇಕು.

ಊಟವಾದ ಮೇಲೆ ಪಡಸಾಲೆಯಲ್ಲಿ ಮೊದಲು ಬಾಗೇವಾಡಿಯ ಕ್ಯಾಸೆಟ್ಟಿನದನ್ನು ಹಚ್ಚಿದೆ. ಅಪ್ಪ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ. ದೊಡ್ಡಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದ, ಪದ್ಧತಿಯ ಪ್ರಕಾರ ಭಜಿಯ ವಿಷಯ ತೆಗೆದು ಅಪ್ಪನನ್ನು ಬೈದ. ಅದು ಮುಗಿದದ್ದೇ, ಏನೂ ಹೇಳದೆ, ಸಿನಿಮಾದ ಹಾಡನ್ನು ಮೂರನೆಯ ನುಡಿಯಿಂದ ಹಚ್ಚಿಬಿಟ್ಟೆ.

"ಬಂದ್ ಮಾಡು ಅದನ್ನ" ಎಂದು ಅವನು ಎದ್ದ. ನಾನು ಮಾಡಲಿಲ್ಲ. ಹುಟ್ಟಿದಂದಿನಿಂದ ಅವನೆದುರಿಗೇ ಅವನ ಮಾತು ಮೀರಿದ್ದು ಅದೇ ಮೊದಲು. ಧೋತರದ ಚುಂಗು ಹಿಡಿದುಕೊಂಡು ಬಾಗಿಲ ತನಕ ನಡೆದ. ಮೂರನೆಯ ಸಲಕ್ಕೆ ಹೆಜ್ಜೆ ನಿಂತಿತು. ನಾಲ್ಕಕ್ಕೆ ತುಟಿ ಅಲುಗಾಡಿದವು. ಐದು ಮುಗಿಯಿತು, ಹಾಡು ನಿಂತಿತು. ಆಗ ದೊಡ್ಡಪ್ಪ ತನಗೇ ತಿಳಿಯದ ಹಾಗೆ ಅಡುಗೆ ಮನೆಯ ಬಾಗಿಲ ಕಡೆ ಕತ್ತು ಹೊರಳಿಸಿ, "ಎಲ್ಲಿ ಹೋಗ್ಯಾನ ಅಂವ?" ಎಂದ. ಆ ಮಾತಿನ ಬೆನ್ನಿಗೇ ಕೊಳಲು.

ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಉಳಿದ ನಾಲ್ಕನ್ನು ಬೆರಳ ಮೇಲೆ ಎಣಿಸಿದ. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಇದು ನಂದವಾ" ಎಂದ. "ನಂದ ಇದು. ಕಳ್ಳ ನನ್ನ ಮಕ್ಕಳು! ಆದ್ರ ಕಿವಿ ಐತಿ ಅವರಿಗೆ, ಇಲ್ಲ ಅನ್ನಂಗಿಲ್ಲ. ಆ ಹುಡುಗಿ ಎಂಟನೇದು ನನಗಿಂತ ಛಲೋ ಅಂದಾಳ."

ನನಗೆ ಕುಣಿಯಬೇಕೆನಿಸಿತು. ಮೂರು ವರ್ಷದ ನನ್ನ ಕಳ್ಳ ಪ್ರೀತಿಯನ್ನು ಅಲ್ಲಿಯೇ ಒಪ್ಪಿಕೊಂಡೆ, ದಿನಾ ಅಂಗಳದಲ್ಲಿ ನಿಂತು ಕೇಳುವುದನ್ನೂ ಹೇಳಿದೆ. ಬೈಯಲಿಲ್ಲ. ತಮ್ಮನ ಕಡೆ ತಿರುಗಿದ. "ಏನ ಅನ್ನು, ನೀ ಅವತ್ತ ಭಜಿ ತಿಂದಿದ್ದು ಛಲೋ ಆತು ನೋಡು."

ಅಪ್ಪ ಶೇಂಗಾದ ಮೊರ ಬದಿಗಿಟ್ಟು ನನ್ನ ಕಡೆ ಬೆರಳು ಮಾಡಿದ. "ಅಣ್ಣಾ, ನಾ ಭಜಿ ತಿಂದಿದ್ದಿಲ್ಲ. ಇಕಿ ನನ್ನ ಜರತಾರಿ ಶಾಲಿನ ಮ್ಯಾಲೆ ಮಲಗಿಬಿಟ್ಟಿದ್ಲು. ಎಬ್ಬಿಸಿದ್ರ ಚೀರತಿದ್ಲು, ಶಾಲು ಇಲ್ಲದ ರಾಜ ಬರಂಗಿಲ್ಲ. ಮೆಲ್ಲಕ ಮೆಲ್ಲಕ ಎಳಕೊಂಡೆ. ನೀ ಕರಿಯೂದು ಎಲ್ಲಾ ಕೇಳತಿತ್ತು."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲೋ?"

"ಹೇಳಿದ್ರ ಮರುದಿನಾನ ಇಕಿನ್ನ ಹೊರಗ ಹಾಕತಿದ್ದಿ. ಪರದೆ ಹಿಂದ ಅಂದ್ರ ಇಕಿಗೆ ಜೀವ. ಆಮ್ಯಾಲೆ ಭಜಿನ ರೂಢಿ ಆತು."

ನಲವತ್ತು ವರ್ಷ ಅಪ್ಪ ತಿಂದ ಬೈಗುಳವೆಲ್ಲ ನನ್ನ ಒಂದು ಗಳಿಗೆಯ ನಿದ್ದೆಗೆ. ಅಡುಗೆ ಮನೆಯಿಂದ ದೊಡ್ಡವ್ವ "ಒನ್ಸ್ ಮೋರ್!" ಎಂದು ಕೂಗದಿದ್ದರೆ ನಾನು ಅತ್ತೇಬಿಡುತ್ತಿದ್ದೆ.

ಮತ್ತೆ ಹಚ್ಚಿದೆ. ದೊಡ್ಡಪ್ಪ ಎದ್ದು ನಿಂತು, ರುಮಾಲನ್ನೇ ಸೆರಗಿನ ಹಾಗೆ ಹೊದ್ದುಕೊಂಡು, ಸಿನಿಮಾದ ಹುಡುಗಿಯ ದನಿಗೆ ತನ್ನ ಒಡೆದ ದನಿ ಕೂಡಿಸಿದ. ಅಪ್ಪ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದ, ಅಂದು ಕಳಿಸಿದಂತೆಯೇ. ನಲವತ್ತು ವರ್ಷದ ಬೈಗುಳದ ಭಯವೋ ಏನೋ, ಸರಿಯಾಗಿ ಎರಡನೆಯ ಸಲಕ್ಕೇ ಬಾಗಿಲಲ್ಲಿ ಬಂದು ನಿಂತ.

ದೊಡ್ಡಪ್ಪ ಹಾಡು ಬಿಡದೆ ಕೈಯಿಂದ ಅವನನ್ನು ಹಿಂದಕ್ಕೆ ದಬ್ಬಿದ. "ಲಗೂ ಬರಬ್ಯಾಡೋ, ಇನ್ನೂ ಏಳು ಅದಾವ!"