ಜೇಬಕ್ಕ ಮತ್ತು ಬರೆಯದ ಪೆನ್ನು

ಜೇಬು ನೋಡದೆ ಬಟ್ಟೆಯನ್ನು ಯಂತ್ರಕ್ಕೆ ಹಾಕಿದ್ದು ಅವಳ ಜೀವಮಾನದಲ್ಲಿ ಒಂದೇ ಸಲ. ಯಾರದೋ ಅಂಗಿಯಲ್ಲಿ ಉಳಿದಿದ್ದ ಪೆನ್ನೊಂದು ಅಂದು ಹಲ್ಲಿನ ಡಾಕ್ಟರರ ಹನ್ನೆರಡು ಬಿಳಿ ಕೋಟುಗಳಿಗೆ ಆಕಾಶದ ಬಣ್ಣ ಬಳಿದುಬಿಟ್ಟಿತು. ಡಾಕ್ಟರರು ಒಳ್ಳೆಯವರು. "ಬಿಡಮ್ಮ, ನೀಲಿ ಕೋಟು ಹಾಕ್ಕೊಂಡ್ರೆ ಮಕ್ಕಳು ಅಳೋದು ಕಮ್ಮಿ" ಎಂದು ನಕ್ಕು ಸುಮ್ಮನಾದರು. ಸುಮ್ಮನಾಗದವಳು ಅವಳೇ. ಅಂದಿನಿಂದ ಅವಳ ಲಾಂಡ್ರಿಗೆ ಬಂದ ಪ್ರತಿ ಬಟ್ಟೆಯ ಪ್ರತಿ ಜೇಬೂ ನಾಲಗೆ ಚಾಚಿದ ಹಾಗೆ ಹೊರಕ್ಕೆ ಬರಲೇಬೇಕು. ಸಿಕ್ಕಿದ್ದನ್ನು ಸಣ್ಣ ಬಟ್ಟೆಚೀಲಕ್ಕೆ ಹಾಕಿ, ಗಿರಾಕಿಯ ನಂಬರಿನ ಚೀಟಿ ಚುಚ್ಚಿ, ಒಗೆದ ಬಟ್ಟೆಯ ಜೊತೆಗೇ ವಾಪಸು ಕೊಡುತ್ತಾಳೆ. ಬೀದಿಯವರು ಅವಳನ್ನು ಜೇಬಕ್ಕ ಎಂದು ಕರೆಯುವುದು ಅದಕ್ಕೇ.

ಇಪ್ಪತ್ತೆರಡು ವರ್ಷದಲ್ಲಿ ಏನೇನು ಸಿಕ್ಕಿಲ್ಲ! ಹರಿದ ಪ್ರೇಮಪತ್ರ, ಅರ್ಧ ಬಿಸ್ಕತ್ತು, ಮೂರು ಸಲ ಒಬ್ಬರದೇ ಹಲ್ಲುಸೆಟ್ಟು, ಒಮ್ಮೆ ಜೀವಂತ ಬಸವನಹುಳು. ಯಾವುದರ ಬಗ್ಗೆಯೂ ಅವಳು ಬಾಯಿ ಬಿಟ್ಟವಳಲ್ಲ. "ಜೇಬಲ್ಲಿ ಇರೋದು ಜೇಬಿನವರದ್ದು. ನನಗೆ ಕೈ ಮಾತ್ರ ಇರೋದು, ಕಣ್ಣಿಲ್ಲ" ಎನ್ನುತ್ತಿದ್ದಳು.

ಆ ಬೆಳಿಗ್ಗೆ ಒಂದು ಕಪ್ಪು ಜಾಕೀಟಿನ ಒಳಜೇಬಿನಿಂದ ಹಸಿರು ಬಣ್ಣದ, ಬೆರಳುದ್ದದ ವಸ್ತುವೊಂದು ಹೊರಬಂತು. ಮುಚ್ಚಳವಿಲ್ಲ, ನಿಬ್ಬಿಲ್ಲ. ರಸೀದಿ ಪುಸ್ತಕದ ಹಿಂದೆ ಗೀಚಿ ನೋಡಿದಳು, ಬರೆಯಲಿಲ್ಲ. ಕೊಡವಿ ಮತ್ತೆ ಗೀಚಿದಳು. ಮೂಸಿದರೆ ಮಾವಿನ ಹಣ್ಣಿನ ಘಮ.

"ಏನ್ರೀ, ಇಲ್ಲಿ ನೋಡಿ. ಹಣ್ಣಿನ ವಾಸನೆ ಬರೋ ಪೆನ್ನು. ಇಂಕು ಖಾಲಿಯಾಗಿದೆ ಅಂತ ಕಾಣುತ್ತೆ."

ಅವಳ ಗಂಡ ಮೂರು ಚಕ್ರದ ಸೈಕಲ್ಲಿನಲ್ಲಿ ಬಟ್ಟೆ ಮುಟ್ಟಿಸುವವನು. ಹದಿನಾರನೇ ವಯಸ್ಸಿಗೆ ಸಿಗರೇಟು ಹಿಡಿದು, ನಲವತ್ತೈದಕ್ಕೆ ಆಸ್ಪತ್ರೆಯ ಡಾಕ್ಟರರು ಎದೆಯ ಎಕ್ಸ್‌ರೇ ತೋರಿಸಿ ಗದರಿದ ಮೇಲೆ ಬಿಟ್ಟವನು. ಈಗಲೂ ಎರಡನೇ ಮಹಡಿಗೆ ಬಟ್ಟೆಗಂಟು ಹೊತ್ತರೆ ನಡುವೆ ನಿಂತು, ಗೋಡೆಯ ಮೇಲೇನೋ ಓದುವವನಂತೆ ನಟಿಸುತ್ತಾನೆ. ಖಾಲಿ ಗೋಡೆಯನ್ನು ಐದು ನಿಮಿಷ ಓದುವವರು ಆ ಬೀದಿಯಲ್ಲಿ ಅವನೊಬ್ಬನೇ.

ಅವನು ಪೆನ್ನನ್ನು ತಿರುಗಿಸಿ ನೋಡಿದ. "ಇದರಲ್ಲೊಂದು ತೂತಿದೆ. ಸೀಟಿ ಇರಬೇಕು" ಎಂದು ಬಾಯಿಗಿಟ್ಟು ಊದಿದ. ಸದ್ದಿಲ್ಲ. ಎಳೆದ. ತುದಿಯಲ್ಲಿ ಪುಟ್ಟ ದೀಪ ಹೊತ್ತಿತು. ಮರುಕ್ಷಣ ಅವನ ಮೂಗು ಬಾಯಿಂದ ಬಿಳಿ ಹೊಗೆ ನುಗ್ಗಿ, ಇಡೀ ಅಂಗಡಿ ಅಲುಗುವಂತೆ ಕೆಮ್ಮಿದ. ಜೇಬಕ್ಕ ಬೆನ್ನು ಗುದ್ದಿ ನೀರು ಕುಡಿಸಿದಳು.

ಉಸಿರು ತಿರುಗಿದ ಮೇಲೆ ಅವನು ಕಣ್ಣೊರೆಸಿಕೊಂಡ. "ಪೆನ್ನೂ ಅಲ್ಲ, ಸೀಟಿನೂ ಅಲ್ಲ ಕಣೇ. ನಿನ್ನ ಹಳೇ ಸವತಿ! ಹೊಸ ಬಟ್ಟೆ ಹಾಕ್ಕೊಂಡು, ಸೆಂಟು ಬಳ್ಕೊಂಡು ಬಂದಿದ್ದಾಳೆ."

"ಹಾಗಂದ್ರೆ?"

"ಸಿಗರೇಟಿನ ತಂಗಿ. ವೇಪು ಅಂತಾರೆ. ಕಾಲೇಜಿನ ಗೇಟ್ ಹತ್ರ ಹುಡುಗರು ಎಳೀತಾ ಇರ್ತಾರಲ್ಲ, ಅದು. ಯಾರದ್ದಿದು?"

ಜೇಬಕ್ಕ ಜಾಕೀಟು ಎತ್ತಿ ನೋಡಿದಳು. ಅದಕ್ಕೆ ನಂಬರಿನ ಚೀಟಿ ಇರಲಿಲ್ಲ. ಮನೆಯ ಬಟ್ಟೆಗೆ ಅವಳು ಚೀಟಿ ಹಾಕುವುದಿಲ್ಲ. ಅದು ಗಿಣಿಯ ಜಾಕೀಟು.

ಗಿಣಿ ಅವಳ ತಂಗಿಯ ಮಗಳು. ತಾಯಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಕಾಲೇಜು ಹತ್ತಿರವೆಂದು ಹುಡುಗಿ ದೊಡ್ಡಮ್ಮನ ಮನೆಯಲ್ಲೇ ಇದ್ದಳು. ವಯಸ್ಸು ಹದಿನೇಳು. ಬಾಯಿ ತೆರೆದರೆ ಮುಚ್ಚುವವಳಲ್ಲ, ಅದಕ್ಕೇ ಆ ಹೆಸರು.

"ಅವಳ ಅಮ್ಮನಿಗೆ ಫೋನ್ ಮಾಡು" ಎಂದ ಗಂಡ. ಜೇಬಕ್ಕನಿಗೆ ಬೈಯಬೇಕೆನ್ನಿಸಿತು, ಅಳಬೇಕೆನ್ನಿಸಿತು. ಆದರೆ ಊರಿನ ಮಕ್ಕಳಿಗೆಲ್ಲ ಒಂದು ನಿಯಮ, ಮನೆಯ ಮಗುವಿಗೆ ಇನ್ನೊಂದೇ? ಬಹಳ ಹೊತ್ತು ಯೋಚಿಸಿ, ಅದನ್ನು ಬಟ್ಟೆಚೀಲಕ್ಕೆ ಹಾಕಿ, ಇಸ್ತ್ರಿಯಾದ ಜಾಕೀಟಿಗೆ ಪಿನ್ನು ಚುಚ್ಚಿ, ಗಿಣಿಯ ಮಂಚದ ಮೇಲಿಟ್ಟು ಬಂದಳು.

ಎರಡು ದಿನ ಆ ಮನೆಯಲ್ಲಿ ಗಿಣಿ ಮಾತಾಡಲಿಲ್ಲ. ಕೇಳದೆಯೇ ತಟ್ಟೆ ತೊಳೆದಳು, ಕಸ ಗುಡಿಸಿದಳು, ದೊಡ್ಡಪ್ಪನ ಕನ್ನಡಕವನ್ನು ಮೂರು ಸಲ ಒರೆಸಿಕೊಟ್ಟಳು. ಮೂರನೆಯ ದಿನ ಬೆಳಿಗ್ಗೆ ತಡೆಯಲಾರದೆ ಅಂಗಡಿಗೆ ಬಂದಳು.

"ದೊಡ್ಡಮ್ಮ, ಬೈಯೋದಿದ್ರೆ ಬೈದುಬಿಡಿ. ಹೀಗೆ ಸುಮ್ಮನಿದ್ರೆ ನಾನಿನ್ನೆಷ್ಟು ತಟ್ಟೆ ತೊಳೀಲಿ?"

"ಜೇಬಿನ ವಿಷಯ ನಾನು ಮಾತಾಡಲ್ಲ. ನೀನು ಮಾತಾಡಿದ್ರೆ ಕೇಳ್ತೀನಿ."

ಗಿಣಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗೆಳತಿಯೊಬ್ಬಳ ಹುಟ್ಟುಹಬ್ಬದಲ್ಲಿ ಶುರುವಾದದ್ದು; ನಾಲ್ಕು ತಿಂಗಳಾಯಿತು; ಆದರೆ ಅದು ಸಿಗರೇಟಲ್ಲವೇ ಅಲ್ಲ. "ಬರೀ ಆವಿ ದೊಡ್ಡಮ್ಮ. ಹಣ್ಣಿನ ಫ್ಲೇವರ್ ಅಷ್ಟೇ. ಬೇಕಾದಾಗ ಬಿಡಬಹುದು."

ಮೂಲೆಯಲ್ಲಿ ಗಂಟು ಕಟ್ಟುತ್ತಿದ್ದ ದೊಡ್ಡಪ್ಪ ತಲೆಯೆತ್ತಿದ. "ಬೇಕಾದಾಗ ಬಿಡಬಹುದು ಅಂತ ನಾನೂ ಇಪ್ಪತ್ತೊಂಬತ್ತು ವರ್ಷ ಹೇಳಿದೆ, ಮಗಳೇ."

"ಸರಿ, ಆವಿ ತಾನೇ" ಎಂದಳು ಜೇಬಕ್ಕ. "ಆವಿ ನನ್ನ ಅಂಗಡೀಲಿ ಬೇಕಾದಷ್ಟಿದೆ. ಅದನ್ನ ಮೂರು ದಿನ ನನ್ನ ಹತ್ರ ಇಟ್ಟಿರು. ಮಾವಿನ ರುಚಿ ಬೇಕಾದ್ರೆ ಮಾವಿನ ಹಣ್ಣೇ ತಂದುಕೊಡ್ತೀನಿ."

ಗಿಣಿ ಧಾರಾಳವಾಗಿ ಕೊಟ್ಟುಬಿಟ್ಟಳು. ಮೊದಲ ದಿನ ಹಾಡುತ್ತ ಓಡಾಡಿದಳು. ಎರಡನೆಯ ದಿನ ತಲೆನೋವೆಂದಳು, ಚಹಾ ಸರಿಯಿಲ್ಲವೆಂದಳು, ಪುಸ್ತಕ ತೆರೆದು ಮುಚ್ಚಿ ತೆರೆದು ಕೊನೆಗೆ ಕುರ್ಚಿಯ ಮೇಲೆ ಎಸೆದಳು. ದೊಡ್ಡಪ್ಪ ತಂದ ಹಣ್ಣು ಹಾಗೆಯೇ ಉಳಿಯಿತು. ಮೂರನೆಯ ದಿನ ಮಧ್ಯಾಹ್ನ ಜೇಬಕ್ಕ ಊಟ ಮುಗಿಸಿ ಅಂಗಡಿಗೆ ಬಂದರೆ, ಒಗೆಯದ ಬಟ್ಟೆಗಳ ಗುಡ್ಡೆಯ ನಡುವೆ ಗಿಣಿ ಕುಳಿತಿದ್ದಳು. ಸುತ್ತ ಮೂವತ್ತು ನಲವತ್ತು ಪ್ಯಾಂಟು ಅಂಗಿಗಳು ಜೇಬು ಹೊರಚಾಚಿ ಬಿದ್ದಿದ್ದವು. ಬೇರೆ ಯಾರ ಜೇಬಿನಲ್ಲಾದರೂ ಅಂಥದ್ದೊಂದು ಸಿಕ್ಕೀತೇ ಎಂದು ಹುಡುಕಿದ್ದಳು.

ಜೇಬಕ್ಕ ಬಾಗಿಲಲ್ಲೇ ನಿಂತಳು. ಗಿಣಿ ತನ್ನ ಕೈಯಲ್ಲಿದ್ದ ಯಾರದೋ ಪ್ಯಾಂಟನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ದೊಡ್ಡಮ್ಮ... ನನಗೇನಾಗಿದೆ?"

ಜೇಬಕ್ಕ ಬಟ್ಟೆಗಳನ್ನು ಸರಿಸಿ ಜಾಗ ಮಾಡಿಕೊಂಡಳು. ಪಕ್ಕದಲ್ಲಿ ಕುಳಿತು ಹುಡುಗಿಯ ತಲೆ ನೇವರಿಸಿದಳು. ಆಮೇಲೆ ಹೇಳಿದಳು: "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಇವತ್ತಿನ ಅರ್ಧ ಕೆಲಸ ನೀನೇ ಮುಗಿಸಿದ್ದೀಯ."

ಗಿಣಿ ಅಳುತ್ತಲೇ ನಕ್ಕಳು. ಸಂಜೆ ತಾನೇ ತಾಯಿಗೆ ಫೋನು ಮಾಡಿದಳು. ಮರುದಿನ ಗಿಣಿ, ದೊಡ್ಡಮ್ಮ, ದೊಡ್ಡಪ್ಪ ಮೂವರೂ ಬಡಾವಣೆಯ ಆರೋಗ್ಯಕೇಂದ್ರಕ್ಕೆ ಹೋದರು. ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಅದರೊಳಗೂ ನಿಕೋಟಿನ್ ಇದೆ, ಎಷ್ಟೋ ಸಲ ಸಿಗರೇಟಿನಷ್ಟೇ ಅಥವಾ ಹೆಚ್ಚು, ಹಣ್ಣಿನ ರುಚಿ ಬರೀ ಮೇಲಿನ ಬಣ್ಣ, ಬೆಳೆಯುವ ವಯಸ್ಸಿನ ಮಿದುಳು ಬೇಗ ಅದರ ಹಿಡಿತಕ್ಕೆ ಬೀಳುತ್ತದೆ. "ತಪ್ಪು ಮಾಡಿದೆ ಅಂತ ಕೊರಗಬೇಡ. ಎಳೀಬೇಕು ಅನ್ನೋ ಆಸೆ ಅಲೆ ಥರ ಬರುತ್ತೆ, ಕೆಲವು ನಿಮಿಷ ಇರುತ್ತೆ, ಇಳಿಯುತ್ತೆ. ಆ ಹೊತ್ತಿಗೆ ಕೈಗೆ ಕೆಲಸ ಕೊಡು. ಪ್ರತಿ ವಾರ ಬಂದು ನನ್ನ ನೋಡು."

ಕೈಗೆ ಕೆಲಸ! ಅದು ಜೇಬಕ್ಕನ ಬಳಿ ರಾಶಿ ಬಿದ್ದಿತ್ತು. ಹತ್ತಿರದ ವಸತಿಗೃಹದಿಂದ ದಿನವೂ ಅರವತ್ತು ದುಪ್ಪಟಿಗಳು ಬರುತ್ತಿದ್ದವು. ದುಪ್ಪಟಿ ಮಡಚಲು ಇಬ್ಬರು ಬೇಕು: ಆ ತುದಿಗೊಬ್ಬರು, ಈ ತುದಿಗೊಬ್ಬರು. ಎಳೆದು ಬಿಗಿ ಮಾಡಿ, ಮೂಲೆಗೆ ಮೂಲೆ ಸೇರಿಸಿ, ನಡೆದು ಬಂದು ಎದುರುಬದುರು ನಿಂತು, ಮತ್ತೆ ಹಿಂದಕ್ಕೆ. ಆಸೆ ಬಂದಾಗಲೆಲ್ಲ ಗಿಣಿ ಕೂಗುತ್ತಿದ್ದಳು: "ದೊಡ್ಡಮ್ಮ, ದುಪ್ಪಟಿ!" ಜೇಬಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಬರುತ್ತಿದ್ದಳು. ಮೊದಲ ವಾರ ಆರು ದುಪ್ಪಟಿ ಮಡಚಿದರೂ ಆಸೆ ಇಳಿಯುತ್ತಿರಲಿಲ್ಲ. ತಿಂಗಳ ಹೊತ್ತಿಗೆ ನಾಲ್ಕು ಸಾಕಾಯಿತು. ಒಮ್ಮೆ ಪರೀಕ್ಷೆಯ ದಿನ ಗೆಳತಿಯ ವೇಪನ್ನು ಕಿತ್ತುಕೊಂಡು ಎಳೆದು, ಮನೆಗೆ ಬಂದು ತಾನೇ ಹೇಳಿ, ಗೋಳೋ ಎಂದು ಅತ್ತಳು. "ಕಲೆ ಒಂದೇ ಒಗೆತಕ್ಕೆ ಹೋಗುತ್ತಾ? ಬಾ, ಆ ತುದಿ ಹಿಡಿ" ಎಂದಳು ಜೇಬಕ್ಕ.

ವಸತಿಗೃಹದ ಮ್ಯಾನೇಜರು ಅಷ್ಟು ನೇರ ಮಡಿಕೆಯನ್ನು ತಾನೆಂದೂ ಕಂಡಿರಲಿಲ್ಲ ಎಂದು ಹೇಳಲು ಖುದ್ದಾಗಿ ಬಂದ. ಗಿಣಿಯ ಗೆಳತಿಯರಿಬ್ಬರು ಮೊದಲು ನಗಲು ಬಂದರು, ಆಮೇಲೆ ಮಡಚಲು ಬಂದರು. ಆಗ ಜೇಬಕ್ಕ ತನ್ನ ನಿಯಮವನ್ನು ಕೊಂಚ ಸಡಿಲಿಸಿದಳು. ಜೇಬಿನಲ್ಲಿ ಅಂಥ ವಸ್ತು ಸಿಕ್ಕರೆ ಈಗಲೂ ಚೀಲದಲ್ಲೇ ಹೋಗುತ್ತದೆ, ಆದರೆ ಜೊತೆಗೊಂದು ಚೀಟಿ: "ಮಾತಾಡಬೇಕು ಅನ್ನಿಸಿದರೆ ಮೂರು ಗಂಟೆಯ ಮೇಲೆ ಬಾ. ದುಪ್ಪಟಿ ಮಡಚುವುದಿದೆ." ಕೆಲವರು ಚೀಟಿ ಹರಿದೆಸೆದರು. ಒಬ್ಬ ಹುಡುಗ ಲಾಂಡ್ರಿಯನ್ನೇ ಬದಲಾಯಿಸಿದ. ಬಂದವರು ಏಳು ಜನ.

ಇದು ಕಿವಿಗೆ ಬಿದ್ದು ಕಾಲೇಜಿನ ಪ್ರಿನ್ಸಿಪಾಲರು ಅವಳನ್ನು ಭಾಷಣಕ್ಕೆ ಕರೆದರು. ಭಾಷಣವೆಂದರೆ ಜೇಬಕ್ಕನಿಗೆ ಜ್ವರ. ಗಂಡನನ್ನು ಮುಂದೆ ತಳ್ಳಿದಳು. ಅವನು ಮೈಕು ಹಿಡಿದು, ಸಭಾಂಗಣದ ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಹೇಳಿದ: "ನಾನು ಶುರು ಮಾಡಿದಾಗ ನಿಮ್ಮಷ್ಟೇ ವಯಸ್ಸು. ಸ್ಟೈಲಾಗಿ ಕಾಣಬೇಕು ಅಂತ ಆಸೆ ಇತ್ತು. ಈಗ ನೋಡಿ, ಹೇಗಿದ್ದೀನಿ?"

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಅಂಗಿ ಸೂಪರಾಗಿದೆ ಅಂಕಲ್!"

ಇಡೀ ಸಭೆ ನಕ್ಕಿತು. "ಅದು ನನ್ನ ಹೆಂಡತಿ ಇಸ್ತ್ರಿ ಮಾಡಿದ್ದು. ಒಳಗಿರೋ ಶ್ವಾಸಕೋಶಕ್ಕೆ ಅವಳ ಕೈಯಲ್ಲೂ ಇಸ್ತ್ರಿ ಹಾಕೋಕೆ ಆಗಲಿಲ್ಲ" ಎಂದ ಅವನು. ನಗು ನಿಂತಿತು. ಅವನು ಮೈಕು ಕೆಳಗಿಟ್ಟ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಗಿಣಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.